ಬಲ್ಬೀನಾ ತಟ್ಟೆ ಎತ್ತಿಕೊಂಡ ಭಾನುವಾರ

ಕೊರ್ವೇಯ್ರೊ ಬಂದರಿಗೆ ಬರುವ ಹೊರಗಿನವರು ಬಸ್ಸಿಳಿದವರೇ ನನ್ನ ಬ್ರೆಡ್ ಅಂಗಡಿಗೆ ನುಗ್ಗಿ, ಇಲ್ಲಿ ತಿನ್ನೋದಕ್ಕೆ ಎಲ್ಲಿ ಚೆನ್ನಾಗಿದೆ ಎಂದು ಕೇಳುತ್ತಾರೆ. ಬಂದರಿನ ಹಿಂದಿನ ಬೀದಿಯಲ್ಲಿ ಬಾರುಗಳು ಒಂದಕ್ಕೊಂದು ಭುಜ ತಾಗಿಸಿಕೊಂಡು ನಿಂತಿವೆ. ಎಲ್ಲಕ್ಕೂ ಬ್ರೆಡ್ ಹೋಗುವುದು ನನ್ನ ಒಲೆಯಿಂದಲೇ. ಆದ್ದರಿಂದ ನಾನು ಯಾರ ಪಕ್ಷವನ್ನೂ ವಹಿಸುವಂತಿಲ್ಲ. ಆಕ್ಟೋಪಸ್ ಬೇಕಿದ್ದರೆ ಅಮಾದೋರನ ಹತ್ತಿರ ಹೋಗಿ, ಕರಿದ ಬೊಂಡಾಸ್, ಅಂದರೆ ಸ್ಕ್ವಿಡ್, ಬೇಕಿದ್ದರೆ ಮೂಲೆಯಲ್ಲಿ, ಸುಟ್ಟ ಬೂತಾಯಿ ಮೀನಿಗೆ ದೋಣಿಕಟ್ಟೆಯ ಹತ್ತಿರ ಎಂದು ಹಂಚಿಬಿಡುತ್ತೇನೆ. ಒಂದು ಬಾಗಿಲಲ್ಲಿ ಒಂದು ಸಣ್ಣ ತಟ್ಟೆ, ಒಂದು ಬಟ್ಟಲು ಬಿಳಿ ವೈನ್. ಆಮೇಲೆ ಎದ್ದು ಮುಂದಿನ ಬಾಗಿಲು. ಒಂದೇ ಕಡೆ ಕೂತು ಹೊಟ್ಟೆ ತುಂಬಿಸಿಕೊಳ್ಳುವವರನ್ನು ನಮ್ಮೂರಲ್ಲಿ ಕನಿಕರದಿಂದ ನೋಡುತ್ತೇವೆ.

ಆದರೆ ನೀಲಿಕಲ್ಲಿನ ಮಾತು ಬಂದರೆ ಹಂಚಲು ಏನೂ ಇರಲಿಲ್ಲ. ಕಡಲ ಬಂಡೆಗೆ ಅಂಟಿ ಬೆಳೆಯುವ ಆ ಕಪ್ಪು ಚಿಪ್ಪಿನ ಜೀವವನ್ನು ಬೇಯಿಸುವುದು ಎಂದರೆ ಬಲ್ಬೀನಾ. ಅಮಾದೋರನ ಹೆಂಡತಿ ಕೂಡ ಅದನ್ನು ತಿನ್ನಬೇಕೆನಿಸಿದಾಗ ಗಂಡ ನೋಡದಂತೆ ಹಿಂದಿನ ಬಾಗಿಲಿನಿಂದ ಬಲ್ಬೀನಾಳ ಅಡುಗೆಮನೆಗೆ ಬರುತ್ತಿದ್ದಳು.

ಬಲ್ಬೀನಾ ಹುಟ್ಟಿದ್ದು ಗುಡ್ಡದ ಮೇಲಿನ ಮೆಟ್ಟಿಲ ಓಣಿಯಲ್ಲಿ. ತಾಯಿ ದೊರಿಂಡಾ ಕಡಲಿನ ಇಳಿತದ ಹೊತ್ತಿನಲ್ಲಿ ಮರಳಿಗೆ ಬಗ್ಗಿ ಮರುವಾಯಿ ಚಿಪ್ಪು ಕೆದಕಿ ಮಾರುವವಳು. ತಂದೆ ಉತ್ತರದ ತಣ್ಣನೆಯ ಕಡಲಿಗೆ ಮೀನು ಹಿಡಿಯಲು ಹೋದವನು ಅಲ್ಲಿಯ ಯಾವುದೋ ಬಂದರಿನಲ್ಲಿ ಇನ್ನೊಂದು ಸಂಸಾರ ಹೂಡಿ ಅಲ್ಲೇ ಉಳಿದ. ತಮ್ಮ ಸೆಲ್ಸೋ ಆಗಿನ್ನೂ ತೊಟ್ಟಿಲಲ್ಲಿದ್ದ. ತಾಯಿ ಮರಳಿಗೆ ಹೋದರೆ ಅವನನ್ನು ಸೊಂಟದಲ್ಲಿ ಹೊತ್ತು ತಿರುಗಿದವಳು ಬಲ್ಬೀನಾ. ಅವನಿಗೆ ಮೊದಲು ಬಂದ ಮಾತು ಅಮ್ಮ ಅಲ್ಲ, ಅಕ್ಕ ಎಂದು ದೊರಿಂಡಾ ತಾನೇ ಹೇಳಿ ನಗುತ್ತಿದ್ದಳು. ನಗುವಿನ ಕೆಳಗೆ ಸ್ವಲ್ಪ ಹುಳಿ ಇರುತ್ತಿತ್ತು.

ಬಲ್ಬೀನಾ ಹರೆಯವನ್ನೆಲ್ಲ ಡಬ್ಬಿ ಮೀನಿನ ಕಾರ್ಖಾನೆಯಲ್ಲಿ ಕಳೆದಳು. ಆಮೇಲೆ ಮಕ್ಕಳಿಲ್ಲದ ಮುದುಕಿಯೊಬ್ಬಳ ಬಾರಿನ ಅಡುಗೆಮನೆಗೆ ಸೇರಿದಳು. ಮುದುಕಿ ಸಾಯುವಾಗ ಬಾರು ಇವಳಿಗೇ ಬಂತು. ಮದುವೆಯ ಮಾತು ಒಂದೆರಡು ಸಲ ಬಂದು ಹೋಯಿತು. ಇವಳು ಪಾತ್ರೆಯಿಂದ ಕಣ್ಣು ತೆಗೆದು ಆ ಕಡೆ ನೋಡುವವಳಲ್ಲ ಎಂದು ಬಂದವರಿಗೆ ಅರ್ಥವಾಯಿತು. ನೀಲಿಕಲ್ಲಿಗೆ ಅವಳು ಹಾಕುತ್ತಿದ್ದದ್ದು ಲಾರೆಲ್ ಎಲೆ, ಒಂದು ಹನಿ ವೈನ್ ಅಷ್ಟೇ. ಚಿಪ್ಪು ಬಾಯಿಬಿಟ್ಟ ಕ್ಷಣ ಇಳಿಸಿಬಿಡುತ್ತಿದ್ದಳು. ಮ್ಯಾಡ್ರಿಡ್‌ನ ಯಾರೋ ಒಬ್ಬರು ಸಾಸ್ ಕೇಳಿದಾಗ, "ಸಾಸ್ ಬೇಕಾದ್ರೆ ಔಷಧಿ ಅಂಗಡಿ ಎದುರುಗಡೆ ಇದೆ" ಎಂದವಳು. ಜನ ಅವಳಿಗೆ ಹೆದರುತ್ತಿದ್ದರು, ಹೆದರಿಕೊಂಡೇ ಮತ್ತೆ ಬರುತ್ತಿದ್ದರು.

ನಾನು ಹೇಳಹೊರಟ ಸಂಗತಿ ನಡೆದದ್ದು ಅಕ್ಟೋಬರಿನಲ್ಲಿ. ಕೆಲವು ವರ್ಷ ಆ ಕಾಲಕ್ಕೆ ನಮ್ಮ ಕೊಲ್ಲಿಯ ನೀರು ಕೆಡುತ್ತದೆ. ಕಣ್ಣಿಗೆ ಕಾಣದ ಯಾವುದೋ ಪಾಚಿ ನೀರಿನಲ್ಲಿ ಹೆಚ್ಚಿಕೊಳ್ಳುತ್ತದೆ. ಚಿಪ್ಪಿನ ಜೀವಿಗಳು ಅದನ್ನು ಕುಡಿದು ತಾವು ಚೆನ್ನಾಗಿಯೇ ಇರುತ್ತವೆ, ತಿಂದವರಿಗೆ ಮಾತ್ರ ವಿಷ. ಎಷ್ಟು ಕುದಿಸಿದರೂ ಹೋಗದ ವಿಷ. ನೀರು ಪರೀಕ್ಷೆ ಮಾಡುವವರು ಕೊಲ್ಲಿಯನ್ನು ಮುಚ್ಚಿದ್ದೇವೆ ಎಂದು ಹೇಳಿದ ಮೇಲೆ ಅವರು ತೆರೆಯುವ ತನಕ ಯಾರೂ ಒಂದು ಚಿಪ್ಪನ್ನೂ ಕೀಳುವಂತಿಲ್ಲ. ಆ ವರ್ಷ ಮುಚ್ಚಿದ್ದು ತೆರೆಯಲೇ ಇಲ್ಲ. ವಾರಗಳು ಉರುಳಿದವು. ಬಲ್ಬೀನಾ ಆಲೂಗಡ್ಡೆ ಆಮ್ಲೆಟ್ಟು, ಕರಿದ ಹಸಿಮೆಣಸಿನಕಾಯಿ ಇಟ್ಟುಕೊಂಡು ದಿನ ತಳ್ಳಿದಳು. ಗಿರಾಕಿಗಳು ಒಬ್ಬೊಬ್ಬರಾಗಿ ಬೀದಿಯ ಆಚೆ ಬದಿಗೆ, ಅಮಾದೋರನ ಬಾರಿಗೆ ದಾಟಿದರು. ಅಮಾದೋರ್ ತನ್ನ ಬಾಗಿಲಲ್ಲಿ ನಿಂತು, ಬೀದಿಗೆಲ್ಲ ಕೇಳುವ ಹಾಗೆ, ನೀಲಿಕಲ್ಲಿಲ್ಲದ ಬಲ್ಬೀನಾ ಗಂಟೆಯಿಲ್ಲದ ಇಗರ್ಜಿ ಇದ್ದಂತೆ ಎಂದು ಹಂಗಿಸಿದ. ಬಲ್ಬೀನಾ ಅದನ್ನು ಕೇಳಿಯೂ ಕೇಳದವಳಂತೆ ಬಾರಿನ ಕೌಂಟರ್ ಕಟ್ಟೆ ಒರೆಸಿದಳು. ಆದರೆ ಸೆಲ್ಸೋ ಕೂಡ ಅಲ್ಲೇ ಇದ್ದ.

ಸೆಲ್ಸೋ ಆಗ ಐವತ್ತು ದಾಟಿದವನು. ಸಣ್ಣ ದೋಣಿಯೊಂದಿತ್ತು, ತಾಯಿಯ ಜೊತೆ ಅದೇ ಮೆಟ್ಟಿಲ ಓಣಿಯ ಮನೆಯಲ್ಲಿದ್ದ. ಎಲ್ಲರನ್ನೂ ನಗಿಸುವವನು, ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳದವನು. ನೀರನ್ನು ಅವರು ಗಾಜಿನ ಕೊಳವೆಯಲ್ಲಿ ನೋಡುತ್ತಾರೆ, ನಾನು ದಿನಾ ಮೂಗಿನಿಂದಲೇ ನೋಡುತ್ತೇನೆ, ನೀರು ಸರಿಯಾಗಿ ವಾರವಾಯಿತು ಎಂದು ಹೇಳಿಕೊಂಡು ತಿರುಗುತ್ತಿದ್ದ.

ಆ ಭಾನುವಾರ ಬೆಳಿಗ್ಗೆ ಅವನು ಅಕ್ಕನ ಅಡುಗೆಮನೆಗೆ ಒದ್ದೆ ಚೀಲಗಳನ್ನು ಹೊತ್ತು ತಂದ. ಒಳಗೆ ಬಂಡೆಯ ನೀಲಿಕಲ್ಲು, ದಪ್ಪನೆಯವು, ಪಾಚಿ ಸಮೇತ. ಅಲ್ಲಿ ನಡೆದ ಮಾತನ್ನು ಬಲ್ಬೀನಾ ಆಮೇಲೆ ನನಗೂ ಹೇಳಿದಳು, ನ್ಯಾಯಾಧೀಶರಿಗೂ ಹೇಳಿದಳು, ಎರಡೂ ಸಲ ಒಂದೇ ರೀತಿ ಹೇಳಿದಳು. ಎಲ್ಲಿಯದು ಎಂದು ಅವಳು ಕೇಳಿದಳು. ಭೂಶಿರದ ಆಚೆಯದು, ಅಲ್ಲಿ ಮುಚ್ಚಿಲ್ಲ ಎಂದು ಅವನು ಹೇಳಿದ. ಚೀಲಕ್ಕೆ ಕಟ್ಟಬೇಕಾದ ಪರೀಕ್ಷೆಯ ಚೀಟಿ ಎಲ್ಲಿ ಎಂದಳು. ಸಂಜೆ ತಂದುಕೊಡುತ್ತೇನೆ ಎಂದ. ಅವಳು ಚಿಪ್ಪೊಂದನ್ನು ಕೈಗೆತ್ತಿಕೊಂಡು ನೋಡಿದಳು. ಅದು ಗಟ್ಟಿಯಾಗಿ ಮುಚ್ಚಿಕೊಂಡಿತ್ತು, ಕಡಲ ವಾಸನೆ ಬಿಟ್ಟು ಬೇರೆ ವಾಸನೆ ಇರಲಿಲ್ಲ. ವಾರಗಟ್ಟಲೆ ಖಾಲಿಯಾಗಿದ್ದ ದೊಡ್ಡ ಪಾತ್ರೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಮತ್ತೇನೂ ಕೇಳಲಿಲ್ಲ.

ಬೀದಿಯಲ್ಲಿ ಸುದ್ದಿ ಹಬ್ಬಲು ಹೊತ್ತು ಬೇಕಾಗಲಿಲ್ಲ. ಇಗರ್ಜಿ ಬಿಡುವ ಮೊದಲೇ ಬಲ್ಬೀನಾಳ ಬಾಗಿಲಲ್ಲಿ ಲಾರೆಲ್ ಆವಿ ಆಡುತ್ತಿತ್ತು. ಎಲ್ಲರಿಗಿಂತ ಮುಂಚೆ ಬಂದು ಕೂತವನು ಫರ್ಮೀನ್, ಬಲೆ ಹೆಣೆಯುವ ಕೆಲಸ ಬಿಟ್ಟು ಮನೆಯಲ್ಲಿದ್ದ ಮುದುಕ. ಕಟ್ಟೆಯ ತುದಿಯ ಸ್ಟೂಲು ಅವನದು ಎಂದು ಊರೇ ಒಪ್ಪಿಕೊಂಡಿತ್ತು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ, ಇದಕ್ಕೇ ಹೊಟ್ಟೆ ಖಾಲಿ ಇಟ್ಟುಕೊಂಡಿದ್ದೆ ಎಂದು ಹೇಳುತ್ತ ಮೊದಲ ತಟ್ಟೆ ಮುಗಿಸಿ ಎರಡನೆಯದಕ್ಕೆ ಕೈಹಾಕಿದ.

ನಾನು ಎರಡನೇ ಸುತ್ತಿನ ಬ್ರೆಡ್ ತೆಗೆದುಕೊಂಡು ಒಳಗೆ ಹೋದಾಗ ಬಾರು ತುಂಬಿತ್ತು. ಬಲ್ಬೀನಾಳ ಮುಖದಲ್ಲಿ ಆ ತಿಂಗಳಲ್ಲಿ ಮೊದಲ ಸಲ ಬಣ್ಣ ಬಂದಿತ್ತು. ಸೆಲ್ಸೋ ಬಾಗಿಲ ಪಕ್ಕ ಬಟ್ಟಲು ಹಿಡಿದು ನಿಂತು ಯಾರಿಗೋ ಏನೋ ಹೇಳಿ ನಗಿಸುತ್ತಿದ್ದ.

"ಏನ್ ಹುಡುಗಿ, ಇವತ್ತು ಮೆಣಸಿನಕಾಯಿ ಹಾಕಿದೀಯಾ?" ಎಂದ ಫರ್ಮೀನ್. ಅರವತ್ತರ ಹತ್ತಿರದ ಬಲ್ಬೀನಾಳನ್ನು ಹುಡುಗಿ ಎನ್ನುತ್ತಿದ್ದವನು ಅವನೊಬ್ಬನೇ. "ತುಟಿ ಚುರುಚುರು ಅಂತಿದೆ."

"ನಾನು ಮೆಣಸು ಹಾಕಲ್ಲ ಅಣ್ಣ, ಗೊತ್ತಲ್ಲ ನಿಂಗೆ."

"ಹಂಗಾದ್ರೆ ವಯಸ್ಸಾಯ್ತು ಬಿಡು. ಬೆರಳಿನ ತುದೀನೂ ಹಂಗೇ ಆಡ್ತಿದೆ."

ಬಲ್ಬೀನಾಳ ಕೈ ಪಾತ್ರೆಯ ಮೇಲೆ ನಿಂತಿತು. ಅವಳು ಅವನನ್ನೇ ನೋಡಿದಳು. ಫರ್ಮೀನ್ ವೈನಿನ ಬಟ್ಟಲು ಎತ್ತಲು ಹೋದ. ಬೆರಳುಗಳು ಬಟ್ಟಲನ್ನು ಸುತ್ತಿಕೊಂಡವು, ಆದರೆ ಬಟ್ಟಲು ಮೇಲೇಳಲಿಲ್ಲ, ಜಾರಿ ಕಟ್ಟೆಯ ಮೇಲೆ ಉರುಳಿತು. ಪಕ್ಕದವರು ನಕ್ಕು, ಇಷ್ಟು ಬೇಗ ಏರಿತೇ ಎಂದು ಚೇಷ್ಟೆ ಮಾಡಿದರು. ಅವನೂ ನಗಲು ನೋಡಿದ. ಬಾಯಿಯ ಒಂದು ಬದಿ ಮಾತ್ರ ನಕ್ಕಿತು.

ಬಲ್ಬೀನಾ ಒಲೆ ಆರಿಸಿದಳು. ಕಟ್ಟೆಯಿಂದ ಹೊರಗೆ ಬಂದು ಹತ್ತಿರದ ಮೇಜಿನಿಂದ ತಟ್ಟೆ ಎತ್ತಿಕೊಂಡಳು. ತಿನ್ನುತ್ತಿದ್ದವನ ಕೈಯಲ್ಲಿದ್ದ ಚಿಪ್ಪನ್ನೂ ಕಿತ್ತುಕೊಂಡಳು. ಆಮೇಲೆ ಮುಂದಿನ ಮೇಜು. ಅವಳು ದನಿ ಎತ್ತಲೇ ಇಲ್ಲ. "ಯಾರೂ ತಿನ್ನಬೇಡಿ. ಬಾಯಲ್ಲಿರೋದನ್ನ ಉಗೀರಿ" ಎಂದಷ್ಟೇ ಹೇಳಿದಳು. ನನ್ನ ಕಡೆ ತಿರುಗಿ, ಡಾಕ್ಟರನ್ನು ಕರೆದು ತಾ ಎಂದಳು.

ಆಸ್ಪತ್ರೆ ಇರುವುದು ದೂರದ ಪಟ್ಟಣದಲ್ಲಿ, ಗುಡ್ಡ ಸುತ್ತಿ ಹೋಗಬೇಕು. ನಮ್ಮೂರಲ್ಲಿ ಇರುವುದು ಸಣ್ಣ ಚಿಕಿತ್ಸಾಲಯ. ಅಲ್ಲಿಯ ಡಾಕ್ಟರ್ ಉಶೀಯಾ ಇನ್ನೂ ಚಿಕ್ಕ ಪ್ರಾಯದವಳು, ಭಾನುವಾರದ ಪಾಳಿಯಲ್ಲಿ ಒಬ್ಬಳೇ ಇದ್ದಳು. ನಾನು ಹೇಳಿ ಮುಗಿಸುವ ಮುಂಚೆ ಅವಳು ಚೀಲ ಹೆಗಲಿಗೇರಿಸಿ ನನಗಿಂತ ಮುಂದೆ ಓಡುತ್ತಿದ್ದಳು. ನಾವು ಬರುವ ಹೊತ್ತಿಗೆ ಫರ್ಮೀನ್‌ನನ್ನು ನೆಲದ ಮೇಲೆ ಮಲಗಿಸಿದ್ದರು. ಕಣ್ಣು ತೆರೆದೇ ಇತ್ತು, ಎಲ್ಲವೂ ತಿಳಿಯುತ್ತಿತ್ತು ಅವನಿಗೆ, ಆದರೆ ಎದೆ ಮಾತ್ರ ಕಷ್ಟಪಟ್ಟು ಏಳುತ್ತಿತ್ತು. ಉಶೀಯಾ ಅವನ ಮುಖಕ್ಕೆ ರಬ್ಬರಿನ ಉಸಿರುಚೀಲ ಒತ್ತಿ ಹಿಂಡತೊಡಗಿದಳು. ಹಿಂಡುತ್ತಲೇ ಕೇಳಿದಳು.

"ಎಲ್ಲಿಯ ನೀಲಿಕಲ್ಲು ಇದು? ಚೀಟಿ ಎಲ್ಲಿದೆ?"

ಬಲ್ಬೀನಾ ಬಾಗಿಲ ಕಡೆ ನೋಡಿದಳು. ನಾನೂ ನೋಡಿದೆ. ಸೆಲ್ಸೋನ ಮುಖ ಬಿಳಚಿಕೊಂಡಿತ್ತು. ಅವನು ಅಕ್ಕನನ್ನೇ ನೋಡುತ್ತ ತಲೆಯನ್ನು ಒಂಚೂರು ಆಡಿಸಿದ, ಬೇಡ ಎನ್ನುವ ಹಾಗೆ. ಹಿಂದೊಮ್ಮೆ ಮುಚ್ಚಿದ ನೀರಿನಲ್ಲಿ ಚಿಪ್ಪು ಕಿತ್ತು ಸಿಕ್ಕಿಬಿದ್ದಿದ್ದ, ಇನ್ನೊಮ್ಮೆ ಸಿಕ್ಕರೆ ದೋಣಿಯೂ ಹೋಗುತ್ತದೆ, ಸೆರೆಮನೆಯೂ ಆಗಬಹುದು ಎಂದು ಊರಿಗೆಲ್ಲ ಗೊತ್ತಿತ್ತು. ಉಶೀಯಾ ಉಸಿರುಚೀಲ ಹಿಂಡುತ್ತಲೇ ಇದ್ದಳು.

"ಚೀಟಿ ಇಲ್ಲ ಡಾಕ್ಟ್ರೇ" ಎಂದಳು ಬಲ್ಬೀನಾ. "ಚೀಟಿ ಇಲ್ದೇನೇ ತಗೊಂಡೆ. ತಂದಿದ್ದು ನನ್ ತಮ್ಮ." ಆಮೇಲೆ ಅವನ ಕಡೆ ತಿರುಗಿದಳು. "ಎಲ್ಲಿಂದ ಕಿತ್ತೆ, ಹೇಳು."

"ಅಕ್ಕಾ, ಜನ ಇದಾರೆ."

"ಜನ ಇರೋದಕ್ಕೇ ಕೇಳ್ತಿರೋದು."

ಸೆಲ್ಸೋ ಬಟ್ಟಲನ್ನು ಕಿಟಕಿಯ ಮೇಲಿಟ್ಟ. ಕೊಲ್ಲಿಯ ಒಳಗಿನ ಬಂಡೆಯಿಂದ ಎಂದ. ಅದು ಮುಚ್ಚಿದ್ದ ನೀರು. ಗುಂಪಿನಲ್ಲಿ ಯಾರೋ ಹಲ್ಲು ಕಚ್ಚಿ ಬೈದರು. ಬೇರೆ ಯಾರಿಗೆ ಕೊಟ್ಟೆ ಎಂದು ಬಲ್ಬೀನಾ ಕೇಳಿದಳು. ಅವನು ನೆಲ ನೋಡಿದ. ಅವಳು ಹೋಗಿ ಅವನ ಅಂಗಿಯ ಕಾಲರ್ ಹಿಡಿದು, ತೊಟ್ಟಿಲಿನಿಂದ ಎತ್ತಿ ಬೆಳೆಸಿದ್ದ ಆ ದೊಡ್ಡ ಗಂಡಸನ್ನು ಗೋಡೆಗೆ ಒರಗಿಸಿದಳು. ಅಮಾದೋರನಿಗೂ ಒಂದು ಚೀಲ ಮಾರಿದೆ ಎಂದು ಆಗ ಬಾಯಿಬಿಟ್ಟ. ಮತ್ತೆ ಯಾರಿಗೂ ಇಲ್ಲವಾ ಎಂದಳು. ಇಲ್ಲ ಎಂದ.

ಬಲ್ಬೀನಾ ಬೀದಿ ದಾಟಿದಳು. ನಾನು ಅವಳ ಹಿಂದೆ. ಅಮಾದೋರನ ಬಾರಿನಲ್ಲಿ ಕೂಡ ನಿಲ್ಲಲು ಜಾಗವಿರಲಿಲ್ಲ. ಅವಳು ಆ ಹೊಸ್ತಿಲು ತುಳಿಯದೆ ಎಷ್ಟೋ ವರ್ಷಗಳಾಗಿದ್ದವು. ಜನ ದಾರಿ ಬಿಟ್ಟರು. ಅಮಾದೋರ್ ಕತ್ತರಿಯಿಂದ ಆಕ್ಟೋಪಸ್ ಕತ್ತರಿಸುತ್ತಿದ್ದವನು ತಲೆ ಎತ್ತಿ, ನಮ್ಮ ನೀಲಿಕಲ್ಲಿನ ರುಚಿ ನೋಡೋಕೆ ಬಂದಳು ನೋಡಿ ಎಂದು ತನ್ನ ಗಿರಾಕಿಗಳಿಗೆ ಕಣ್ಣು ಹೊಡೆದ.

"ಸೆಲ್ಸೋ ಕೊಟ್ಟಿದ್ದರಲ್ಲಿ ವಿಷ ಇದೆ ಅಮಾದೋರ್. ಇಳಿಸು ಅದನ್ನ."

"ನಿನ್ ಪಾತ್ರೆ ತುಂಬ್ಕೊಂಡು ನನ್ನದನ್ನ ಇಳಿಸೋಕೆ ಬಂದ್ಯಾ?"

"ಫರ್ಮೀನಣ್ಣ ನನ್ ಬಾರಲ್ಲಿ ನೆಲದ ಮೇಲೆ ಬಿದ್ದಿದಾನೆ. ಬಾ, ನೋಡ್ಕೊಂಡು ಹೋಗು. ಅಷ್ಟರಲ್ಲಿ ನಿನ್ನವರು ಇನ್ನೊಂದೊಂದು ತುತ್ತು ತಿಂದಿರ್ತಾರೆ."

ಅವಳು ಉತ್ತರಕ್ಕೆ ಕಾಯಲಿಲ್ಲ. ಕಟ್ಟೆಯ ಹಿಂದೆ ನುಗ್ಗಿ, ಬಟ್ಟೆಯೂ ಹಿಡಿಯದೆ ಕುದಿಯುವ ಪಾತ್ರೆಯನ್ನು ಬರಿಗೈಯಲ್ಲಿ ಎತ್ತಿ, ಹಿಂದಿನ ಅಂಗಳದಲ್ಲಿ ಸುರಿದಳು. ಬಿಸಿನೀರು ಅವಳ ಎದೆಗೆ, ಕೈಗೆ ಚೆಲ್ಲಿತು. ಆ ಸುಟ್ಟ ಗುರುತು ಮುಂಗೈಯಲ್ಲಿ ಈಗಲೂ ಇದೆ. ಅಮಾದೋರ್ ಕತ್ತರಿ ಹಿಡಿದೇ ನಿಂತಿದ್ದ, ಮುಖ ಕೆಂಪೇರಿತ್ತು. ಆಗ ಮೂಲೆಯ ಮೇಜಿನಲ್ಲಿದ್ದ ಹೆಂಗಸೊಬ್ಬಳು, ನನ್ನ ನಾಲಿಗೆಯೂ ಜೋಮು ಹಿಡಿದ ಹಾಗಿದೆ ಎಂದು ಮೆಲ್ಲಗೆ ಹೇಳಿದಳು. ಅಮಾದೋರ್ ಕತ್ತರಿ ಕೆಳಗಿಟ್ಟ. ಆಮೇಲೆ ಅವನೇ ಮೇಜು ಮೇಜಿಗೆ ಹೋಗಿ ತಟ್ಟೆಗಳನ್ನು ಎತ್ತತೊಡಗಿದ.

ನಾವು ಹೊರಗೆ ಬಂದಾಗ ಬೀದಿಯಲ್ಲಿ ಗಲಾಟೆ. ಆಂಬುಲೆನ್ಸ್ ಬಂದು ಫರ್ಮೀನ್‌ನನ್ನು ಹತ್ತಿಸಿಕೊಂಡು ಹೊರಟಿತ್ತು. ಹತ್ತಿಸುವಾಗ ಉಶೀಯಾ ಅಲ್ಲಿದ್ದವರಿಗೆ, ಎಷ್ಟು ಬೇಯಿಸಿದರೂ ಈ ವಿಷ ಹೋಗುವುದಿಲ್ಲ, ವಯಸ್ಸಾದವರಿಗೆ ಬೇಗ ಹತ್ತುತ್ತದೆ, ತಿಂದವರು ಯಾರೇ ಇದ್ದರೂ ಈಗಲೇ ಹೇಳಿ ಎಂದಿದ್ದಾಳೆ. ಅದನ್ನು ಕೇಳಿದ್ದೇ ತಡ, ಸೆಲ್ಸೋ ಜನರನ್ನು ತಳ್ಳಿಕೊಂಡು ಗುಡ್ಡದ ಮೆಟ್ಟಿಲಿನ ಕಡೆ ಓಡಿದ್ದಾನೆ. ಓಡಿಹೋಗುತ್ತಿದ್ದಾನೆ, ಹಿಡೀರಿ ಎಂದು ಯಾರೋ ಕೂಗಿದ್ದಾರೆ. ದೋಣಿಯ ಹುಡುಗರು ನಾಲ್ಕೈದು ಜನ ಬೆನ್ನಟ್ಟಿ ಅವನನ್ನು ಮೆಟ್ಟಿಲಿನ ಬುಡದಲ್ಲಿ ಕೆಡವಿದ್ದರು, ಒಬ್ಬ ಬೆನ್ನ ಮೇಲೆ ಮಂಡಿಯೂರಿ ಕೂತಿದ್ದ. ಸೆಲ್ಸೋನ ಬಾಯಿ ಕಲ್ಲಿಗೆ ಒತ್ತಿಕೊಂಡಿತ್ತು. ಅವನು ಏನೋ ಹೇಳುತ್ತಿದ್ದ, ಯಾರಿಗೂ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ಪೊಲೀಸರು ಬರುವ ತನಕ ಬಿಡಬಾರದು ಎನ್ನುತ್ತಿದ್ದರು. ನನಗೂ ಹಾಗೇ ಅನಿಸಿತ್ತು.

ಬಲ್ಬೀನಾ ಹತ್ತಿರ ಹೋಗಿ ಅವನ ಮುಖದ ಪಕ್ಕ ಕುಕ್ಕರಿಸಿದಳು.

"ಅಮ್ಮಂಗೆ ಕೊಟ್ಟಿದೀನಿ ಅಕ್ಕ" ಎಂದ ಅವನು. "ಬೆಳಿಗ್ಗೆ ಒಂದು ಬುಟ್ಟಿ ಇಟ್ಟು ಬಂದೆ. ರಾತ್ರಿಗೆ ಮಾಡ್ತಾಳೆ ಅಂದ್ಕೊಂಡಿದ್ದೆ."

"ಬಿಡ್ರೋ ಅವನನ್ನ" ಎಂದಳು. ಮಂಡಿಯೂರಿದ್ದವನು ಏಳಲಿಲ್ಲ. ಬಲ್ಬೀನಾ ತನ್ನ ಸುಟ್ಟ ಕೈಯಿಂದಲೇ ಅವನನ್ನು ನೂಕಿದಳು.

ಆ ಮೆಟ್ಟಿಲುಗಳನ್ನು ನಾನು ಚಿಕ್ಕಂದಿನಿಂದ ಹತ್ತಿದ್ದೇನೆ, ಅಷ್ಟು ಉದ್ದ ಎಂದು ಎಂದೂ ಅನಿಸಿರಲಿಲ್ಲ. ಸೆಲ್ಸೋ ಮುಂದೆ, ಬಲ್ಬೀನಾ ಅವನ ಹಿಂದೆ, ಉಶೀಯಾ ಚೀಲ ಹೊತ್ತು ನನ್ನ ಪಕ್ಕ. ಬಾಗಿಲು ತೆರೆದೇ ಇತ್ತು. ದೊರಿಂಡಾ ಅಡುಗೆಮನೆಯ ಮೇಜಿನ ಮುಂದೆ ನೆಟ್ಟಗೆ ಕೂತಿದ್ದಳು. ಮುಂದೆ ತಟ್ಟೆ, ತಟ್ಟೆಯ ತುಂಬ ಖಾಲಿ ಚಿಪ್ಪು. ಮಧ್ಯಾಹ್ನಕ್ಕೇ ಬೇಯಿಸಿಬಿಟ್ಟಿದ್ದಳು.

ಇಷ್ಟು ಜನ ಒಟ್ಟಿಗೆ ನುಗ್ಗಿದ್ದಕ್ಕೆ ಅವಳಿಗೆ ಸಿಟ್ಟು ಬಂತು. ಹೊಸ್ತಿಲಲ್ಲಿ ಕಾಲು ಒರೆಸಿಕೊಳ್ಳುವ ಪದ್ಧತಿ ಇಲ್ಲವೇ ಎಂದಳು. ಮಾತು ದಪ್ಪವಾಗಿ, ಬಾಯಲ್ಲಿ ಬಟ್ಟೆ ತುರುಕಿದಂತೆ ಬರುತ್ತಿತ್ತು. ಎದ್ದು ಕಾಲೊರಸು ತೋರಿಸಲು ಹೋದಳು, ಕಾಲು ಅವಳ ಮಾತು ಕೇಳಲಿಲ್ಲ. ಸೆಲ್ಸೋ ಹಿಡಿದುಕೊಂಡ.

ಇದ್ದ ಒಂದು ಆಂಬುಲೆನ್ಸ್ ಫರ್ಮೀನ್ ಜೊತೆ ಗುಡ್ಡದ ಆಚೆ ಹೋಗಿತ್ತು. ಇನ್ನೊಂದು ಪಟ್ಟಣದಿಂದ ಹೊರಟು ಬರಬೇಕು. ಅಷ್ಟು ಕಾಯಲಾಗುವುದಿಲ್ಲ ಎಂದು ಉಶೀಯಾ ದೊರಿಂಡಾಳ ನಾಡಿ ಹಿಡಿದುಕೊಂಡೇ ಹೇಳಿದಳು. ಸೆಲ್ಸೋ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲು ಇಳಿದ. ಕೆಳಗೆ ಅಮಾದೋರ್ ತನ್ನ ವ್ಯಾನಿನ ಹಿಂಬಾಗಿಲು ತೆಗೆದು, ಬಾಟಲಿ ಪೆಟ್ಟಿಗೆಗಳನ್ನು ಬೀದಿಗೆ ಎಸೆಯುತ್ತಿದ್ದ. ಯಾರೂ ಅವನನ್ನು ಕೇಳಿರಲಿಲ್ಲ. ನಾಲಿಗೆ ಜೋಮು ಹಿಡಿದಿದ್ದ ಹೆಂಗಸನ್ನು ಬೇರೊಂದು ಕಾರಿನಲ್ಲಿ ಕಳಿಸಿಯಾಗಿತ್ತು.

ವ್ಯಾನಿನ ನೆಲದ ಮೇಲೆ ದೊರಿಂಡಾಳನ್ನು ಮಲಗಿಸಿದರು. ಅವಳ ಒಂದು ಬದಿಗೆ ಮಗ, ಇನ್ನೊಂದು ಬದಿಗೆ ಮಗಳು, ತಲೆಯ ಹತ್ತಿರ ಡಾಕ್ಟರು. ನಾನು ಮುಂದೆ ಅಮಾದೋರನ ಪಕ್ಕ ಕೂತೆ. ಗುಡ್ಡದ ಅರ್ಧ ಹತ್ತುವಷ್ಟರಲ್ಲಿ ಹಿಂದಿನಿಂದ ಉಶೀಯಾ, ಉಸಿರು ನಿಲ್ಲುತ್ತಿದೆ, ನಿಧಾನ ಮಾಡಬೇಡಿ ಎಂದಳು. ಆಮೇಲೆ ಉಸಿರುಚೀಲ ಹಿಂಡುವ ಸದ್ದು ಶುರುವಾಯಿತು. ತಿರುವುಗಳಲ್ಲಿ ಎಲ್ಲರೂ ಒಬ್ಬರ ಮೇಲೊಬ್ಬರು ವಾಲುತ್ತಿದ್ದರು, ಆದರೆ ಆ ಸದ್ದು ತಪ್ಪುತ್ತಿರಲಿಲ್ಲ. ಉಶೀಯಾಳ ಕೈ ಸೋತಾಗ ಬಲ್ಬೀನಾ ತೆಗೆದುಕೊಂಡಳು. ನಾನು ಹಿಂದೆ ತಿರುಗಿ ನೋಡಿದೆ. ಅವಳ ಅಂಗೈ ಚರ್ಮ ಸುಲಿದು ರಬ್ಬರಿಗೆ ಅಂಟುತ್ತಿತ್ತು. ಸೆಲ್ಸೋ, ನನಗೆ ಕೊಡು ಅಕ್ಕ ಎಂದ. ಅವಳು ಅವನ ಮುಖ ನೋಡದೆ ಚೀಲವನ್ನು ಅವನ ಕೈಗೆ ದಾಟಿಸಿದಳು, ಒಂದು ಉಸಿರೂ ತಪ್ಪದ ಹಾಗೆ. ಅಮಾದೋರ್ ಹಾರ್ನ್ ಮೇಲಿಟ್ಟ ಕೈ ತೆಗೆಯಲಿಲ್ಲ. ಅವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಲೂ ಅವನಿಗೆ ಕೈ ಬಿಡುವಿರಲಿಲ್ಲ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಕಾಯುತ್ತಿತ್ತು. ಒಳಗೆ ಫರ್ಮೀನ್‌ನನ್ನು ಆಗಲೇ ಉಸಿರಾಟದ ಯಂತ್ರಕ್ಕೆ ಹಾಕಿದ್ದರು. ದೊರಿಂಡಾಳನ್ನು ಅವನ ಪಕ್ಕದ ಹಾಸಿಗೆಗೆ ಹಾಕಿದರು. ಆ ವಿಷಕ್ಕೆ ಔಷಧಿ ಇಲ್ಲ, ದೇಹ ತಾನಾಗಿ ಅದನ್ನು ಹೊರಗೆ ಹಾಕುವ ತನಕ ಯಂತ್ರ ಉಸಿರಾಡಿಸಬೇಕು ಎಂದರು. ಅಕ್ಕ ತಮ್ಮ ಇಬ್ಬರೂ ಹೊರಗಿನ ಬೆಂಚಿನಲ್ಲಿ ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು ಕೂತರು. ಪೊಲೀಸರು ಬಂದು ಸೆಲ್ಸೋನನ್ನು ಕರೆದಾಗ ಅವನು ಎದ್ದು ಹೋದ. ಬಲ್ಬೀನಾಳೂ ಎದ್ದು, ಚೀಟಿಯಿಲ್ಲದ ಚೀಲ ತೆಗೆದುಕೊಂಡವಳು ನಾನು, ನನ್ನನ್ನೂ ಬರೆದುಕೊಳ್ಳಿ ಎಂದಳು.

ಇಬ್ಬರು ರೋಗಿಗಳೂ ಬದುಕಿದರು. ಅಮಾದೋರನ ಬಾರಿನ ಹೆಂಗಸು ಅದೇ ಸಂಜೆ ಮನೆಗೆ ಹೋದಳು. ಉಳಿದವರು ಸ್ವಲ್ಪವೇ ತಿಂದಿದ್ದರಿಂದ ಏನೂ ಆಗಲಿಲ್ಲ. ಫರ್ಮೀನ್ ಮಾತು ಬಂದ ಕೂಡಲೇ ಕೇಳಿದ ಮೊದಲ ಪ್ರಶ್ನೆ, ನನ್ನ ಸ್ಟೂಲಿನಲ್ಲಿ ಯಾರಾದರೂ ಕೂತಿದ್ದಾರಾ ಎಂದು. ಯಾರೂ ಕೂರುವ ಹಾಗಿರಲಿಲ್ಲ, ಬಾರಿಗೆ ಆಗಲೇ ಬೀಗ ಬಿದ್ದಿತ್ತು. ಅಧಿಕಾರಿಗಳು ಆ ಚಳಿಗಾಲವಿಡೀ ಅದನ್ನು ತೆರೆಯಲು ಬಿಡಲಿಲ್ಲ. ಬಲ್ಬೀನಾ ಯಾರ ಹತ್ತಿರವೂ ಹೋಗಿ ಬೇಡಿಕೊಳ್ಳಲಿಲ್ಲ.

ಊರು ಎರಡಾಯಿತು. ಅವಳು ಬಾಯಿಬಿಡದಿದ್ದರೆ ಎಷ್ಟು ಹೆಣ ಬೀಳುತ್ತಿದ್ದವೋ ಎಂದರು ಕೆಲವರು. ಒಡಹುಟ್ಟಿದವನನ್ನು ಬೀದಿಯಲ್ಲಿ ನಿಲ್ಲಿಸಿ ಹಿಡಿದುಕೊಟ್ಟಳು, ಪಕ್ಕಕ್ಕೆ ಕರೆದು ಕೇಳಬಹುದಿತ್ತು ಎಂದರು ಇನ್ನು ಕೆಲವರು. ಒಂದು ಬೆಳಿಗ್ಗೆ ಅವಳ ಮುಚ್ಚಿದ ಬಾಗಿಲಿನ ಮುಂದೆ ಯಾರೋ ಖಾಲಿ ಚಿಪ್ಪುಗಳನ್ನು ರಾಶಿ ಸುರಿದು ಹೋಗಿದ್ದರು. ಅವಳು ಪೊರಕೆ ತಂದು ಗುಡಿಸಿದಳು. ನಾನು ಸಹಾಯಕ್ಕೆ ಹೋದರೆ, ನಿನ್ನ ಬ್ರೆಡ್ ಸೀಯುತ್ತದೆ ಹೋಗು ಎಂದಳು.

ವಿಚಾರಣೆಯ ದಿನ ಸೆಲ್ಸೋನ ವಕೀಲ, ಆ ಬಂಡೆಯ ನೀರನ್ನೂ ಮುಚ್ಚಿದ್ದಾರೆಂದು ಇವನಿಗೆ ಖಚಿತವಾಗಿ ಗೊತ್ತಿರಲಿಲ್ಲ ಎಂದು ಏನೋ ಕಟ್ಟುತ್ತಿದ್ದ. ಸೆಲ್ಸೋ ಅವನನ್ನು ತಡೆದು ಎದ್ದು ನಿಂತ. ಗೊತ್ತಿತ್ತು ಎಂದ. "ಅಕ್ಕ ಅವತ್ತು ಕಾಲರ್ ಹಿಡೀದೇ ಇದ್ದಿದ್ರೆ ಅಮಾದೋರನ ಹೆಸರೂ ನಾನು ಹೇಳ್ತಿರಲಿಲ್ಲ. ಸುಮ್ನೆ ನಿಂತಿರ್ತಿದ್ದೆ." ಅವನ ದೋಣಿ ಹೋಯಿತು, ಕಡಲಿನ ಪರವಾನಗಿ ಹೋಯಿತು. ಸೆರೆಮನೆಯ ಶಿಕ್ಷೆ ಹೇಳಿದರೂ, ಮತ್ತೆ ತಪ್ಪು ಮಾಡಿದರೆ ಮಾತ್ರ ಒಳಗೆ ಎಂದು ಬಿಟ್ಟರು. ಈಗ ಅವನು ಅಕ್ಕ ಹರೆಯ ಕಳೆದ ಅದೇ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊರುತ್ತಾನೆ. ಮೊದಲಿನಷ್ಟು ನಗಿಸುವುದಿಲ್ಲ. ಭಾನುವಾರ ಬೆಳಿಗ್ಗೆ ಅಕ್ಕನ ಬಾರಿಗೆ ಬಂದು ಆಲೂಗಡ್ಡೆ ಸುಲಿದು ಕೊಟ್ಟು, ಗಿರಾಕಿಗಳು ಬರುವ ಮೊದಲೇ ಹೊರಟುಬಿಡುತ್ತಾನೆ.

ವಸಂತದಲ್ಲಿ ಬಾರು ತೆರೆದಾಗ ಮೊದಲ ದಿನ ಜನ ಬಾಗಿಲಲ್ಲಿ ಇಣುಕಿ ಇಣುಕಿ ಮುಂದೆ ಹೋದರು. ನೀಲಿಕಲ್ಲು ಆವಿಯಾಡುತ್ತಿತ್ತು. ಚೀಲದ ಚೀಟಿಯನ್ನು ಅವಳು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಮೊಳೆ ಹೊಡೆದು ಸಿಕ್ಕಿಸಿದ್ದಳು. ಆ ಹೊತ್ತಿಗೆ ಸಾಂತಾಂದೇರ್‌ನಿಂದ ಬಂದ ಗಂಡ ಹೆಂಡತಿ ನನ್ನ ಅಂಗಡಿಗೆ ಬಂದು, ನೀಲಿಕಲ್ಲು ಎಲ್ಲಿ ಚೆನ್ನಾಗಿ ಸಿಗುತ್ತದೆ ಎಂದು ಕೇಳಿದರು. ಅಂಗಡಿಯಲ್ಲಿ ಊರಿನವರು ನಾಲ್ಕು ಜನ ನಿಂತಿದ್ದರು. ಎಲ್ಲರೂ ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದರು. ನಾನು ಬಾಗಿಲಿನ ತನಕ ಹೋಗಿ ಬಲ್ಬೀನಾಳ ಬಾರಿಗೆ ಕೈ ತೋರಿಸಿದೆ. ಅವರು ಹೋಗಿ ತಿಂದರು. ಸಂಜೆಯ ಹೊತ್ತಿಗೆ ಅಮಾದೋರನ ಹೆಂಡತಿ ಈ ಸಲ ಮುಂದಿನ ಬಾಗಿಲಿನಿಂದಲೇ ಒಳಗೆ ಹೋದಳು. ಬೇಸಿಗೆ ಬರುವಷ್ಟರಲ್ಲಿ ಬಾರು ಮೊದಲಿನ ಹಾಗೇ ತುಂಬತೊಡಗಿತು.

ಸರಿಹೋಗದೆ ಉಳಿದದ್ದು ದೊರಿಂಡಾ. ಆಸ್ಪತ್ರೆಯಿಂದ ಬಂದ ದಿನ ಅವಳು ಮಗನ ತೋಳು ಹಿಡಿದು ಮೆಟ್ಟಿಲು ಹತ್ತಿದಳು. ಮಗಳು ಇನ್ನೊಂದು ತೋಳಿಗೆ ಕೈ ಹಾಕಿದರೆ ಕೊಡವಿದಳು. ಮನೆಯ ಮಾತನ್ನು ಬೀದಿಗೆ ಹಾಕಿದೆ, ನನ್ನ ಮಗನನ್ನು ನಾಯಿಯ ಹಾಗೆ ಕಲ್ಲಿಗೆ ಒತ್ತಿಸಿದೆ ಎಂದು ಒಮ್ಮೆ ಹೇಳಿದಳು. ಆಮೇಲೆ ಬಲ್ಬೀನಾಳ ಜೊತೆ ಒಂದು ಮಾತೂ ಆಡಿಲ್ಲ. ಬದುಕಿದ್ದೇ ಮಗಳು ಬಾಯಿಬಿಟ್ಟಿದ್ದರಿಂದ ಎಂದು ಉಶೀಯಾ ಎರಡು ಸಲ ಕೂತು ಬಿಡಿಸಿ ಹೇಳಿದಳು. ಮುದುಕಿ ಕೇಳಿಸಿಕೊಂಡು, ಡಾಕ್ಟರಿಗೆ ಕಾಫಿ ಕೊಟ್ಟು ಕಳಿಸಿದಳು.

ಬಲ್ಬೀನಾ ದಿನಾ ಸಂಜೆ ಬಾರಿನ ಬಿಡುವಿನಲ್ಲಿ ಮುಚ್ಚಿದ ಪಾತ್ರೆಯಲ್ಲಿ ಸೂಪ್ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಾಳೆ. ತಾಯಿ ಬಡಿಸಿಕೊಂಡು ತಿನ್ನುತ್ತಾಳೆ, ಗೋಡೆ ನೋಡಿಕೊಂಡು. ಪಾತ್ರೆ ತೊಳೆದು ಕೊಡುತ್ತಾಳೆ, ಅದನ್ನೂ ಗೋಡೆ ನೋಡಿಕೊಂಡೇ. ಹೋದ ವಾರ ಮೆಟ್ಟಿಲಿನಲ್ಲಿ ಅವಳು ಇಳಿದು ಬರುವಾಗ ನಾನು ಎದುರು ಸಿಕ್ಕೆ. ಇಷ್ಟು ದಿನವಾದರೂ ಒಂದು ಮಾತಿಲ್ಲದೆ ಹೇಗೆ ಸಹಿಸುತ್ತೀಯ ಎಂದು ಕೇಳಿಬಿಟ್ಟೆ.

ಬಲ್ಬೀನಾ ಪಾತ್ರೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡಳು.

"ಪಕ್ಕದಲ್ಲಿ ಕೂತಿರ್ತೀನಲ್ಲ, ಉಸಿರಾಡೋದು ಕೇಳ್ಸುತ್ತೆ" ಎಂದಳು. "ಮಾತು ಬೇಡ ಬಿಡೇ."

ನಾಳೆಗೆ ಎಷ್ಟು ಬ್ರೆಡ್ ಬೇಕು ಎಂದು ಹೇಳಿ ಅವಳು ಇಳಿದು ಹೋದಳು. ಬೀದಿಯಲ್ಲಿ ಆಗಲೇ ಜನ ಸೇರತೊಡಗಿದ್ದರು.